ನಡುವಿನಿಂದ ತೆಗೆದ ನಮೂನೆ

ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸುವ ಒಂದು ಸಣ್ಣ ಗ್ರಂಥಾಲಯದಲ್ಲಿ ಆಕೆ ಹತ್ತೊಂಬತ್ತು ವರ್ಷ ಓದಿದ್ದಳು. ಸಂಬಳವಿಲ್ಲದ ಕೆಲಸ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ಸೊಂದರಲ್ಲಿ ಮಧ್ಯಾಹ್ನ ಎರಡರವರೆಗೆ ಕರಡು ತಿದ್ದುತ್ತಿದ್ದಳು. ಮಂಗಳವಾರ ಮತ್ತು ಶುಕ್ರವಾರ ಅಲ್ಲಿಂದ ನೇರ ಗ್ರಂಥಾಲಯಕ್ಕೆ ಹೋಗಿ, ಮೆಟ್ಟಿಲ ಕೆಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಮೈಕಿನ ಮುಂದೆ ಕೂರುತ್ತಿದ್ದಳು. ಹಿಂದೆ ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆ ಅದು. ಗೋಡೆಗೆ ಹಳೇ ಹಾಸಿಗೆಗಳನ್ನು ಬಡಿದು ಸದ್ದು ತಡೆಯುವ ಏರ್ಪಾಡು ಮಾಡಿದ್ದರು. ಆದರೂ ಹತ್ತು ನಿಮಿಷಕ್ಕೊಮ್ಮೆ ಹೊರಗೆ ಬಸ್ಸು ತಿರುಗಿದಾಗ ಇಡೀ ಕೋಣೆ ಗುಂಯ್ ಎನ್ನುತ್ತಿತ್ತು. ಆಗ ಆಕೆ, ಎದುರಿಗೆ ಯಾರೂ ಇಲ್ಲದಿದ್ದರೂ, ತಡೆಯಿರಿ ಎಂಬಂತೆ ಕೈಯೆತ್ತಿ ಸುಮ್ಮನಾಗಿ, ಬಸ್ಸು ದೂರವಾದ ಮೇಲೆ ಅದೇ ವಾಕ್ಯವನ್ನು ಮೊದಲಿನಿಂದ ಓದುತ್ತಿದ್ದಳು.

ಪ್ರತಿ ಅಧ್ಯಾಯಕ್ಕೂ ಮುಂಚೆ ಸಣ್ಣದಾಗಿ ಗಂಟಲು ಸರಿಮಾಡಿಕೊಳ್ಳುವುದು ಆಕೆಯ ರೂಢಿ. ಕೇಳುವವರಿಗೆ ಅದೇ ಗುರುತಾಗಿ, ಹೆಸರು ‘ಕೆಮ್ಮಕ್ಕ’ ಎಂದಾಯಿತು. ಹೆಸರಿಟ್ಟವಳು ದೊಡ್ಡ ಆಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್, ಹುಟ್ಟಿನಿಂದ ಕಣ್ಣಿಲ್ಲದವಳು. ತಿಂಗಳಿಗೊಮ್ಮೆ ಗ್ರಂಥಾಲಯಕ್ಕೆ ಫೋನು ಮಾಡಿ, “ನಮ್ಮ ಕೆಮ್ಮಕ್ಕ ಹೊಸದೇನಾದ್ರೂ ಓದಿದ್ದಾರಾ? ಬೇರೆಯವರು ಓದಿದ್ದು ಬೇಡ. ಅವರೆಲ್ಲ ಔಷಧಿ ಚೀಟಿ ಓದಿದ ಹಾಗೆ ಓದ್ತಾರೆ,” ಎನ್ನುತ್ತಿದ್ದಳು.

ಆಕೆ ಓದತೊಡಗಿದ ಹತ್ತೊಂಬತ್ತನೆಯ ವರ್ಷ ಗ್ರಂಥಾಲಯವನ್ನು ಒಂದು ದೊಡ್ಡ ಸಂಸ್ಥೆ ವಹಿಸಿಕೊಂಡಿತು. ಅವರದು ಗಾಜಿನ ಸ್ಟುಡಿಯೋ, ಸಂಬಳದ ಕಂಠಗಳು. ಹಳೆಯ ಧ್ವನಿಮುದ್ರಣಗಳಲ್ಲಿ ಬಸ್ಸಿನ ಸದ್ದಿದೆ, ಗುಣಮಟ್ಟ ಸಾಲದು ಎಂದು ಬರೆದು ಕಳಿಸಿದರು. ಕ್ಯಾಸೆಟ್‌ಗಳು ಆಗಲೇ ಗುಜರಿಗೆ ಹೋಗಿದ್ದವು. ಕೊನೆಯ ಎರಡು ವರ್ಷ ಓದಿದ್ದು ಮಾತ್ರ ಕಂಪ್ಯೂಟರಿನಲ್ಲಿತ್ತು. ಅದನ್ನೂ ಅಳಿಸಿ ಯಂತ್ರಗಳನ್ನು ಒಪ್ಪಿಸಬೇಕಿತ್ತು. ವಯಸ್ಸಾದ ಗ್ರಂಥಪಾಲಕಿಗೆ ಮನಸ್ಸು ತಡೆಯಲಿಲ್ಲ. ಕೆಮ್ಮಕ್ಕನನ್ನು ಒಳಗೆ ಕರೆದು, ಸಾಬೂನಿನ ಡಬ್ಬಿಗಿಂತ ತುಸು ದೊಡ್ಡದಾದ ಕಪ್ಪು ಪೆಟ್ಟಿಗೆಯೊಂದನ್ನು ಕೈಗಿಟ್ಟಳು.

“ಇದರೊಳಗೆ ಹಾರ್ಡ್ ಡಿಸ್ಕ್ ಇದೆ. ನೀವು ಓದಿದ ನಾಲ್ಕೂ ಪುಸ್ತಕ ಇದೆ. ತಿಂಗಳ ಕೊನೆಯವರೆಗೆ ಇಟ್ಕೊಳ್ಳಿ. ಮನೇಲಿ ಸಿಡಿಗೆ ಹಾಕ್ಕೊಂಡು ವಾಪಸ್ ಕೊಡಿ. ಅಂಗಡಿಗೆ ಮಾತ್ರ ಕೊಡಬೇಡಿ, ಕಣ್ಣು ಕಾಣದವರಿಗೆ ಅಂತ ಮಾತ್ರ ಓದೋಕೆ ಅನುಮತಿ ಕೊಟ್ಟಿರೋ ಪುಸ್ತಕಗಳು. ಹೊರಗೆ ಹೋದ್ರೆ ನನ್ನ ತಲೆ ಮೇಲೆ ಬರುತ್ತೆ.”

“ಇಲ್ಲೇ ಸಿಡಿ ಮಾಡಿಕೊಡೋಕಾಗಲ್ವಾ?”

“ಸಿಡಿ ಬರೆಯೋ ನಮ್ಮ ರೈಟರ್ ಕೆಟ್ಟು ಕೂತು ಎಂಟು ತಿಂಗಳಾಯ್ತು. ಮುಚ್ಚೋ ಗ್ರಂಥಾಲಯಕ್ಕೆ ಹೊಸದು ಯಾರು ಕೊಡಿಸ್ತಾರೆ? ಆ ಆಪರೇಟರ್‌ಗೆ ಅಡುಗೆಯವಳ ಕಾದಂಬರಿ ಬೇಕಂತೆ. ದಿನಾ ಫೋನು. ಅವಳ ಹತ್ರ ಸಿಡಿ ಪ್ಲೇಯರ್ ಬಿಟ್ಟು ಬೇರೇನೂ ಇಲ್ಲ.”

ಅಡುಗೆಯವಳ ಕಾದಂಬರಿ ಎಂದರೆ ಐನೂರು ಪುಟದ ದಪ್ಪ ಪುಸ್ತಕ. ಮೂರು ಮನೆಗಳಲ್ಲಿ ಅಡುಗೆಗಿದ್ದ ಹೆಂಗಸೊಬ್ಬಳು ಮೂರು ಮನೆಯ ಗುಟ್ಟುಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಬದುಕುವ ಕಥೆ. ಕೆಮ್ಮಕ್ಕ ಓದಿದವುಗಳಲ್ಲೆಲ್ಲ ಆಕೆಗೆ ತುಂಬ ಇಷ್ಟವಾದದ್ದು ಅದೇ. ಮುಗಿಸಲು ಐದು ತಿಂಗಳು ಹಿಡಿದಿತ್ತು.

ಪೆಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ಗಂಡ. ಗಂಡ ಬಾಲ್ ಬೇರಿಂಗ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಮೇಜಿನಲ್ಲಿ ಕೂತು ನಿವೃತ್ತನಾದವನು. ಬಲಗಡೆ ಪಾಸಾದ ಮಾಲಿನ ತಟ್ಟೆ, ಎಡಗಡೆ ಕೆಂಪು ಡಬ್ಬ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೆಂಪು ಡಬ್ಬಕ್ಕೆ. ಜೊತೆಯವರು ಅವನನ್ನು ‘ರಿಜೆಕ್ಟಪ್ಪ’ ಎಂದು ಕರೆಯುತ್ತಿದ್ದರು. ಅವನಿಗೆ ಅದರಲ್ಲಿ ಸಿಟ್ಟಿರಲಿಲ್ಲ, ಸ್ವಲ್ಪ ಜಂಬವೇ ಇತ್ತು. ಪಕ್ಕದಲ್ಲೇ ಗ್ರೈಂಡಿಂಗ್ ಯಂತ್ರಗಳು ಕಿರುಚುತ್ತಿದ್ದುದರಿಂದ ನಲವತ್ತು ದಾಟುವಷ್ಟರಲ್ಲಿ ಕಿವಿ ಅರ್ಧಕ್ಕರ್ಧ ಹೋಗಿತ್ತು.

ನಿವೃತ್ತಿಯಾದ ಮೇಲೆ ತಪಾಸಣೆ ಮನೆಗೆ ಬಂತು. ಕೊಡೆ ಕೊಳ್ಳಲು ಹೋದರೆ ಹದಿನೈದು ಸಲ ಬಿಚ್ಚಿ ಮುಚ್ಚುತ್ತಿದ್ದ. ತರಕಾರಿಯವನು ಇವನನ್ನು ಕಂಡರೆ ತಕ್ಕಡಿ ಬಿಟ್ಟು ಬೀಡಿ ಹಚ್ಚುತ್ತಿದ್ದ. ಒಂದು ಫ್ಯಾನು ಆಯ್ದುಕೊಳ್ಳುವಷ್ಟರಲ್ಲಿ ಎರಡು ಬೇಸಿಗೆ ಕಳೆದು, ತಂದ ದಿನ ಮಳೆ ಹಿಡಿದಿತ್ತು. ಕಂಪ್ಯೂಟರಂತೂ ಒಂದೂವರೆ ವರ್ಷದ ಕಥೆ. ಅಷ್ಟು ಅಳೆದು ಸುರಿದು ತಂದದ್ದು ಸಿಡಿಯನ್ನು ಓದುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ.

“ರೀ!” ಕೆಮ್ಮಕ್ಕ ಬಾಗಿಲಲ್ಲೇ ಕೂಗಿದಳು. “ನಮ್ಮ ಕಂಪ್ಯೂಟರಲ್ಲಿ ಸಿಡಿ ಮಾಡೋಕಾಗುತ್ತಾ?”

“ಬಿಡಿ? ಯಾವ ಬಿಡಿಭಾಗ?”

“ಸಿಡಿ! ಸಿ–ಡಿ!”

ವಿಷಯ ಅರ್ಥವಾದಾಗ ರಿಜೆಕ್ಟಪ್ಪನ ಮುಖ ಅರಳಿತು. ಕೊಳ್ಳಬೇಕಾದ ಸಾಮಾನೊಂದು ಎದುರಿಗೆ ಬಂದರೆ ಅವನಿಗೆ ಹತ್ತು ವರ್ಷ ಕಡಿಮೆಯಾಗುತ್ತಿತ್ತು. ಕೂಡಲೇ ನೋಟ್‌ಬುಕ್ ತೆಗೆದು ಸ್ಕೇಲಿಟ್ಟು ಗೆರೆ ಹಾಕಿದ. “ಹಾರ್ಡ್ ಡಿಸ್ಕಿನಲ್ಲಿರೋದನ್ನ ನಮ್ಮ ಕಂಪ್ಯೂಟರಿಗೆ ಇಳಿಸೋಣ ಅಂದ್ರೆ ಅದರ ಹೊಟ್ಟೆ ಚಿಕ್ಕದು, ಹಿಡಿಯಲ್ಲ. ರೈಟರೇ ಬೇಕು. ಒಳಗೆ ಕೂರಿಸೋದಾ, ಹೊರಗಿಟ್ಟು ವೈರ್ ಚುಚ್ಚೋದಾ? ಎಷ್ಟು ವೇಗದ್ದು? ಬರೆಯೋವಾಗ ಕರೆಂಟ್ ಏರುಪೇರಾದ್ರೆ ಡಿಸ್ಕ್ ಕೆಡುತ್ತಾ, ಇಲ್ವಾ? ಇದನ್ನೆಲ್ಲ ನೋಡ್ಬೇಕು.”

“ಹೆಚ್ಚು ದಿನ ಇಲ್ಲ ರೀ! ತಿಂಗಳ ಕೊನೆಗೆ ವಾಪಸ್ ಕೊಡ್ಬೇಕು!”

“ತಿಂಗಳು ಬೇಕಾದಷ್ಟಾಯ್ತು.”

ಮೊದಲ ಭಾನುವಾರ ಇಬ್ಬರೂ ಕಂಪ್ಯೂಟರ್ ಅಂಗಡಿಗೆ ಹೋದರು. ಅಂಗಡಿಯವನು ಮೂರು ರೈಟರ್‌ಗಳನ್ನು ಮೇಜಿನ ಮೇಲಿಟ್ಟ. ರಿಜೆಕ್ಟಪ್ಪ ಒಂದೊಂದರ ಗುಂಡಿ ಒತ್ತಿ ಟ್ರೇ ಹೊರಗೆ ಬರುವುದನ್ನೂ ಒಳಗೆ ಹೋಗುವುದನ್ನೂ ಬಗ್ಗಿ ನೋಡಿದ. ಬೆರಳ ತುದಿಯಿಂದ ಟ್ರೇಯನ್ನು ಅಲ್ಲಾಡಿಸಿದ.

“ಇದು ಆಡುತ್ತೆ.”

“ಸಾರ್, ಎಲ್ಲ ಟ್ರೇನೂ ಅಷ್ಟು ಆಡುತ್ತೆ.”

“ಆಡಬಾರದು. ಆಡಿದ್ರೆ ಡಿಸ್ಕ್ ಓರೆಯಾಗುತ್ತೆ. ಓರೆಯಾದ್ರೆ ಬರೆದದ್ದು ಓರೆ.”

“ಹೊರಗಿಡೋ ಇದೊಂದು ನೋಡಿ ಸಾರ್, ಗಟ್ಟಿ ಮಾಲು.”

“ಗಟ್ಟಿಯೇನೋ ಹೌದು. ವೇಗ ಜಾಸ್ತಿಯಾಯ್ತು. ಅವಸರದಲ್ಲಿ ಬರೆದದ್ದು ಬಾಳಿಕೆ ಬರಲ್ಲ.”

ಅಂಗಡಿಯವನು ಕೆಮ್ಮಕ್ಕನ ಮುಖ ನೋಡಿದ. ಆಕೆ ಗೋಡೆಯ ಕ್ಯಾಲೆಂಡರ್ ನೋಡಿದಳು. ಒಂದೂವರೆ ಗಂಟೆ ಕಳೆದು ಬರಿಗೈಯಲ್ಲಿ ಹೊರಬಿದ್ದರು.

ಎರಡನೆಯ ವಾರ ಅವನು ಒಬ್ಬನೇ ಮೂರು ಅಂಗಡಿ ಸುತ್ತಿ ಬಂದ. ಮೂರನೆಯ ವಾರ ನೋಟ್‌ಬುಕ್ಕಿನಲ್ಲಿ ಏಳು ಪುಟ ತುಂಬಿತು. ಆಮೇಲೆ ಇದ್ದಕ್ಕಿದ್ದಂತೆ ಅವನ ಉತ್ಸಾಹ ಇಳಿದುಹೋಯಿತು. ಕೇಳಿದರೆ ಮುಖ ತಿರುಗಿಸುತ್ತಿದ್ದ. “ಆ ಮಾಡಲ್ ಸರಿಯಿಲ್ಲ. ಬೇರೆ ಬರುತ್ತಂತೆ, ನೋಡೋಣ,” ಎಂದಷ್ಟೇ ಹೇಳುತ್ತಿದ್ದ. ನೋಟ್‌ಬುಕ್ಕು ಮೇಜಿನ ಮೇಲಿಂದ ಕಾಣೆಯಾಯಿತು. ಕಿವಿಯ ಸಮಸ್ಯೆ ಹೆಚ್ಚಾಗಿರಬೇಕು, ಬೇಸರಪಟ್ಟುಕೊಂಡಿದ್ದಾನೆ ಎಂದು ಕೆಮ್ಮಕ್ಕ ತಿಳಿದಳು.

ತಿಂಗಳ ಕೊನೆ ಬಂತು. ಆಕೆ ನಾಚಿಕೆ ಬಿಟ್ಟು ಗ್ರಂಥಾಲಯಕ್ಕೆ ಫೋನು ಮಾಡಿ ಇನ್ನೂ ಹದಿನೈದು ದಿನ ಕೇಳಿದಳು. ಗ್ರಂಥಪಾಲಕಿ ಹೊಸ ಸಂಸ್ಥೆಯವರಿಗೆ ಏನೋ ನೆವ ಹೇಳಿ ಒಪ್ಪಿಸಿದಳು. ಹದಿನೈದೂ ಮುಗಿದವು. ಇನ್ನೊಂದು ವಾರ ಕೇಳಿದಳು. “ಇದೇ ಕೊನೆ, ನನ್ನ ಕೈಲಿ ಇನ್ನೇನೂ ಇಲ್ಲ,” ಎಂದಿತು ಆ ಕಡೆಯ ಧ್ವನಿ.

ಆ ದಿನ ಆಕೆ ಗಂಡನ ಎದುರಿಗೆ ನಿಂತು ಗಂಟಲು ಹರಿಯುವಂತೆ ಹೇಳಿದಳು: “ಯಾವುದಾದ್ರೂ ಒಂದು ತನ್ನಿ ರೀ! ಕೈ ಮುಗೀತೀನಿ!”

“ಯಾವುದಾದ್ರೂ ಒಂದು ಅನ್ನೋ ಮಾಲನ್ನ ಯಾರೂ ತಯಾರು ಮಾಡಲ್ಲ.”

“ಹಾಗಾದ್ರೆ ನಾನೇ ಹೋಗಿ ತರ್ತೀನಿ!”

“ತಾ. ನೀನು ತಂದು ಚುಚ್ಚಿ, ಅದು ಕೆಟ್ಟು, ಅವರ ಹಾರ್ಡ್ ಡಿಸ್ಕೇ ಸುಟ್ಟುಹೋದ್ರೆ? ಆಗ ಆ ಮುದುಕಿ ಮುಂದೆ ಹೋಗಿ ನಿಲ್ಲೋಳು ನೀನೇ ತಾನೇ?”

ಆ ಮಾತಿಗೆ ಆಕೆ ಹೆದರಿದಳು. ಕರಡು ತಿದ್ದುವುದು ಗೊತ್ತಿತ್ತು, ಓದುವುದು ಗೊತ್ತಿತ್ತು. ಯಂತ್ರದ ವಿಷಯ ಗಂಡನದು, ಮೂವತ್ತು ವರ್ಷದಿಂದ ಹಾಗೆಯೇ ನಡೆದುಬಂದಿತ್ತು. ಸುಮ್ಮನಾದಳು. ಆಮೇಲೆ ಎಷ್ಟೋ ದಿನ ಆಕೆ ತನ್ನನ್ನು ಬೈದುಕೊಂಡದ್ದು ಆ ಸುಮ್ಮನಾದದ್ದಕ್ಕೆ.

ಗಡುವಿನ ದಿನ ಪೆಟ್ಟಿಗೆಯನ್ನು ಮತ್ತೆ ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಕೊಟ್ಟಳು. ಹೊಸ ಸಂಸ್ಥೆಯಿಂದ ಬಂದಿದ್ದ ತಾಂತ್ರಿಕ ಒಳ್ಳೆಯ ಮನುಷ್ಯನೇ. “ನಿಮ್ಮದಾ ಮೇಡಂ ಇದು? ಕೂತ್ಕೊಳ್ಳಿ,” ಎಂದು ಕುರ್ಚಿ ಎಳೆದುಕೊಟ್ಟ. ವೈರ್ ಚುಚ್ಚಿದ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತುಂಬತೊಡಗಿತು. ಏನು ಅಳಿಸಿಹೋಗುತ್ತಿದೆ ಎಂದು ಅದು ತೋರಿಸುತ್ತಿರಲಿಲ್ಲ, ಎಷ್ಟು ಎಂದು ಮಾತ್ರ ತೋರಿಸುತ್ತಿತ್ತು. ಕೆಮ್ಮಕ್ಕ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೊನೆಯವರೆಗೂ ಕೂತು ನೋಡಿದಳು. ಎರಡು ವರ್ಷದ ಓದಿಗೆ ಹನ್ನೊಂದು ನಿಮಿಷ ಸಾಕಾಯಿತು.

ಗ್ರಂಥಪಾಲಕಿಯ ಮೇಜಿನಿಂದಲೇ ಆಪರೇಟರ್‌ಗೆ ಫೋನು ಮಾಡಿ ವಿಷಯ ತಿಳಿಸಿದಳು. “ಹೋಗ್ಲಿ ಬಿಡಿ ಅಕ್ಕ,” ಎಂದಳು ಅವಳು. ಹಿಂದೆಯೇ, “ಒಂದ್ನಿಮಿಷ ಅಕ್ಕ, ಲೈನ್ ಬಂತು,” ಎಂದಳು. ಆಮೇಲೆ ಈಚೆ ಲೈನಿಗೆ ಮರಳಲಿಲ್ಲ.

ಇದಾಗಿ ಒಂಬತ್ತು ದಿನಕ್ಕೆ ಪ್ರೆಸ್ಸಿನ ಮಾಲೀಕ ಪ್ರಿಂಟರಿಗೆ ಇಂಕು ತರಲು ಕೆಮ್ಮಕ್ಕನನ್ನು ಅದೇ ಕಂಪ್ಯೂಟರ್ ಅಂಗಡಿಗೆ ಕಳಿಸಿದ. ಅಂಗಡಿಯವನು ಇಂಕಿನ ಡಬ್ಬಿ ಹುಡುಕುತ್ತ ನಗುನಗುತ್ತ ಕೇಳಿದ:

“ರೈಟರ್ ಹೇಗಿದೆ ಅಮ್ಮ? ಚೆನ್ನಾಗಿ ಬರೀತಾ ಇದೆಯಾ?”

“ಯಾವ ರೈಟರ್?”

“ಅದೇ, ಸಾಹೇಬ್ರು ತಗೊಂಡು ಹೋದ್ರಲ್ಲ, ಹೊರಗಿಡೋದು. ತಿಂಗಳ ಮೇಲಾಯ್ತು. ನಲವತ್ತು ಸಲ ಟ್ರೇ ಒತ್ತಿ ನೋಡಿದ್ರು, ನನಗೇ ಕೈ ನೋವು ಬಂತು. ಅವರು ತಗೊಂಡು ಹೋಗಿ ವಾಪಸ್ ತರದೇ ಇರೋ ಸಾಮಾನು ಅದೊಂದೇ! ಅದಕ್ಕೇ ಕೇಳ್ದೆ.”

ಕೆಮ್ಮಕ್ಕ ಇಂಕನ್ನು ಅಲ್ಲೇ ಬಿಟ್ಟು ಬಂದಳು. ಅಂಗಡಿಯವನು ಹಿಂದಿನಿಂದ ಕೂಗಿದ್ದು ಕೇಳಿತು, ತಿರುಗಲಿಲ್ಲ.

ಮನೆಯಲ್ಲಿ ರಿಜೆಕ್ಟಪ್ಪ ಇರಲಿಲ್ಲ, ನಲ್ಲಿಯ ವಾಷರ್ ಆರಿಸಲು ಹೋಗಿದ್ದ. ಅವನ ಹತಾರಗಳ ಬೀರು ಹಿತ್ತಲ ಬಾಗಿಲ ಬಳಿ ಇತ್ತು. ಆಕೆ ಅದನ್ನು ತೆರೆದದ್ದು ಯಾವತ್ತೂ ಇಲ್ಲ. ತೆರೆಯಬಾರದೆಂದು ಯಾರೂ ಹೇಳಿರಲಿಲ್ಲ, ಸುಮ್ಮನೆ ಅದು ಅವನದು. ಕೀಲು ಎಣ್ಣೆ ಕುಡಿದು ಸದ್ದಿಲ್ಲದೆ ತೆರೆದುಕೊಂಡಿತು. ಮೈಕ್ರೋಮೀಟರಿನ ಪೆಟ್ಟಿಗೆಯ ಹಿಂದೆ, ಹಳೆಯ ಅಂಗಿಯ ತುಂಡಿನಲ್ಲಿ ಸುತ್ತಿ, ರೈಟರ್ ಇತ್ತು. ಜೊತೆಗೆ ಅದರ ವೈರ್. ಕಂಪ್ಯೂಟರ್ ಕೊಂಡಾಗ ಬಂದಿದ್ದ ದಪ್ಪ ಹೆಡ್‌ಫೋನು. ಒಂದೇ ಒಂದು ಸಿಡಿ. ಸಿಡಿಯ ಮೇಲೆ ಅವನ ದುಂಡು ಅಕ್ಷರ: ‘ನಮೂನೆ ೧. ನಡುವಿನಿಂದ. ತಪಾಸಣೆ ಆಗಿದೆ.’

ಆಕೆ ಎಲ್ಲವನ್ನೂ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ಕಾದಳು. ರಿಜೆಕ್ಟಪ್ಪ ವಾಷರ್ ಹಿಡಿದು ಒಳಗೆ ಬಂದವನು ಮೇಜು ನೋಡಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತ.

“ಇದೇನ್ರೀ?” ಎಂದಳು. ಕೂಗಲಿಲ್ಲ, ಸಣ್ಣಗೆ ಕೇಳಿದಳು. ಅವನಿಗೆ ಕೇಳಿಸಲಿಲ್ಲ, ಆದರೆ ತುಟಿ ನೋಡಿ ತಿಳಿಯಿತು. ಕುರ್ಚಿ ಎಳೆದು ಕೂತ. ವಾಷರನ್ನು ಬೆರಳಲ್ಲಿ ತಿರುಗಿಸಿ ನೋಡಿದ.

“ನಿನಗೆ ಕೊಡೋಣ ಅಂತಲೇ ತಂದೆ,” ಎಂದ. “ಕೊಡೋ ಮುಂಚೆ ಪರೀಕ್ಷೆ ಮಾಡ್ಬೇಕಲ್ಲ. ನೀನು ಪ್ರೆಸ್ಸಿಗೆ ಹೋಗಿದ್ದೆ. ಒಂದು ಸಿಡಿ ಬರೆದೆ. ನಮೂನೆ ಮೇಲಿಂದ ತೆಗೀಬಾರದು. ಮಾಲಿನ ಪೆಟ್ಟಿಗೇಲಿ ಮೇಲಿನ ಪದರ ಯಾವಾಗಲೂ ಚೆನ್ನಾಗಿರುತ್ತೆ. ನಡುವಿನಿಂದ ತೆಗೀಬೇಕು. ಆ ಅಡುಗೆಯವಳ ಪುಸ್ತಕದ ನಡುವಿನಿಂದ ತೆಗೆದೆ. ಸರಿಯಾಗಿ ಬಿದ್ದಿದೆಯಾ ಅಂತ ಹೆಡ್‌ಫೋನ್ ಹಾಕ್ಕೊಂಡು ಪೂರ್ತಿ ಜೋರು ಮಾಡಿ ಕೇಳಿದೆ.”

“ಸರಿಯಾಗಿ ಬಿದ್ದಿರಲಿಲ್ವಾ?” ಈಗ ಕೂಗಿದಳು.

“ಬಿದ್ದಿತ್ತು. ಎಳ್ಳಷ್ಟೂ ದೋಷ ಇಲ್ಲ.” ಅವನು ತಲೆಯೆತ್ತಿದ. “ನೀನು ನಗ್ತಿದ್ದೆ.”

ಆಕೆಗೆ ಆ ಜಾಗ ನೆನಪಾಯಿತು. ಯಜಮಾನಿ, ಅವಳ ಅತ್ತೆ, ಆಮೇಲೆ ಅಡುಗೆಯವಳು, ಮೂವರೂ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಒಂದೇ ಪಾತ್ರೆಗೆ ಉಪ್ಪು ಹಾಕುವ ಪ್ರಸಂಗ. ಓದುತ್ತ ಓದುತ್ತ ಆಕೆಗೆ ನಗು ಉಕ್ಕಿ ಬಂದು, ತಡೆಯಲು ಹೋಗಿ ಇನ್ನೂ ಜಾಸ್ತಿಯಾಗಿ, ಮೈಕಿನ ಮುಂದೆ ಕಣ್ಣೀರು ಬರುವಂತೆ ನಕ್ಕಿದ್ದಳು. ಅಳಿಸಿ ಮತ್ತೆ ಓದುತ್ತೇನೆ ಎಂದದ್ದಕ್ಕೆ ಗ್ರಂಥಪಾಲಕಿ, “ಬೇಡ, ಇರ್ಲಿ,” ಎಂದಿದ್ದಳು.

“ಎರಡು ನಿಮಿಷ ನಗ್ತೀಯ,” ಎಂದ ರಿಜೆಕ್ಟಪ್ಪ. “ಗಡಿಯಾರ ಇಟ್ಟು ನೋಡ್ದೆ. ಆಮೇಲೆ ‘ಕ್ಷಮಿಸಿ, ತಡೆಯೋಕಾಗ್ಲಿಲ್ಲ’ ಅಂತೀಯ. ಯಾರಿಗೋ. ಮುಖ ನೋಡದೇ ಇರೋರಿಗೆ. ಆ ಧ್ವನಿ ನಮ್ಮನೇಲಿ ಯಾವತ್ತಾದ್ರೂ ಕೇಳಿದೆಯಾ? ನನ್ನ ಹತ್ರ ಮಾತಾಡೋವಾಗ ತಗಡು ಬಡಿದ ಹಾಗಿರುತ್ತೆ. ‘ರೀ, ಊಟ! ರೀ, ನಲ್ಲಿ! ರೀ, ಬಾಗಿಲು!’”

“ನಿಮಗೆ ಕೇಳಲ್ಲ ಅಂತ ಕೂಗ್ತೀನಿ!” ಕೆಮ್ಮಕ್ಕನ ಧ್ವನಿ ಸೀಳಿಹೋಯಿತು. “ಇಪ್ಪತ್ತೈದು ವರ್ಷದಿಂದ ಕೂಗ್ತಾ ಇದ್ದೀನಿ! ಸಣ್ಣಗೆ ಹೇಳಿದ್ದು ನಿಮ್ಮ ಕಿವಿಗೆ ಬೀಳ್ಬೇಕಲ್ಲ!”

“ಗೊತ್ತು. ಗೊತ್ತಿದ್ರೂ ಹೊಟ್ಟೆ ಉರೀತು.”

“ಅದಕ್ಕೆ ಎಲ್ಲ ಅಳಿಸಿಹೋಗ್ಲಿ ಅಂತ ಬಿಟ್ರಾ?”

“ಇಲ್ಲ!” ಅವನು ಮೊದಲ ಸಲ ದನಿ ಏರಿಸಿದ. “ಇಲ್ಲ, ಅದಲ್ಲ. ಮೊದಲ ದಿನ ಸಿಟ್ಟಿಗೆ ಎತ್ತಿಟ್ಟೆ, ನಿಜ. ಮಾರನೇ ದಿನ ಮತ್ತೆ ಕೇಳ್ಬೇಕು ಅನ್ನಿಸ್ತು. ಆ ಪೆಟ್ಟಿಗೆ ಕಂಪ್ಯೂಟರಿಗೆ ಚುಚ್ಚಿ ಮೊದಲಿನಿಂದ ಕೇಳೋಕೆ ಶುರುಮಾಡ್ದೆ. ನೀನು ಪ್ರೆಸ್ಸಿಗೆ ಹೋದಾಗ ದಿನಾ. ಸಿಡಿ ಆಗಿಬಿಟ್ರೆ ನೀನು ಪೆಟ್ಟಿಗೆ ವಾಪಸ್ ಕೊಡ್ತೀಯ, ಸಿಡಿ ಆ ಆಪರೇಟರ್ ಮನೆಗೆ ಹೋಗುತ್ತೆ. ಎರಡೂವರೆ ಪುಸ್ತಕ ಆಗಿತ್ತು. ಇನ್ನೊಂದು ಸಲ ಗಡುವು ಕೊಡ್ತಾರೆ ಅಂದ್ಕೊಂಡಿದ್ದೆ. ಎರಡು ಸಲ ಕೊಟ್ಟಿದ್ರಲ್ಲ.”

“ನನ್ನನ್ನ ಕೇಳಿದ್ರೆ ಇನ್ನೊಂದು ಸೆಟ್ ಮಾಡ್ಕೋಬಹುದಿತ್ತಲ್ರೀ.”

ಇದನ್ನು ಆಕೆ ಕೂಗಿ ಹೇಳಲಿಲ್ಲ. ಅವನು, “ಏನು?” ಎಂದ. ಆಕೆ ಮತ್ತೆ ಹೇಳಲಿಲ್ಲ.

ಸಂಜೆ ಎಂದಿನಂತೆ ಅಡುಗೆ ಮಾಡಿದಳು, ಬಡಿಸಿದಳು, ಪಾತ್ರೆ ತೊಳೆದಳು. ಅವನ ಮೇಲೆ ಸಿಟ್ಟಿತ್ತು, ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಅವನು ಹೇಳಿದ ಮಾತು. ಅದು ಸುಳ್ಳಾಗಿದ್ದಿದ್ದರೆ ಎರಡು ದಿನಕ್ಕೆ ಮರೆಯಬಹುದಿತ್ತು. ತನ್ನ ಒಳ್ಳೆಯ ಧ್ವನಿಯನ್ನು ಆ ಹಾಸಿಗೆ ಬಡಿದ ಕೋಣೆಗೆಂದೇ ಎತ್ತಿಟ್ಟುಕೊಂಡಿದ್ದು ನಿಜ. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಗಂಟಲು ಕೆಡಬಾರದೆಂದು ಗಂಡನೊಡನೆ ಮಾತನ್ನೇ ಆಡದೆ ಹೋಗುತ್ತಿದ್ದಳು. ಅವನಿಗೆ ಅದು ಗೊತ್ತಾಗಿರಲಾರದು ಎಂದುಕೊಂಡಿದ್ದಳು.

ಆದರೂ ನಾಲ್ಕು ಪುಸ್ತಕ ಹೋಗಿದ್ದವು. ಹನ್ನೊಂದು ನಿಮಿಷ ಕೂತು ನೋಡಿದ ಆ ಹಸಿರು ಪಟ್ಟಿ ಕಣ್ಣ ಮುಂದಿಂದ ಹೋಗಲಿಲ್ಲ.

ಗುರುವಾರ ಪ್ರೆಸ್ಸಿಗೆ ರಜೆ ಹಾಕಿ, ಆ ಒಂದು ಸಿಡಿಯನ್ನು ಚೀಲದಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದಳು. ಟೆಲಿಫೋನಿನ ಕೋಣೆ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದ ಪಕ್ಕದಲ್ಲಿತ್ತು. ಕಿಟಕಿಯಿಲ್ಲ. ದೀಪವೂ ಉರಿಯುತ್ತಿರಲಿಲ್ಲ, ಅಲ್ಲಿ ಕೂತವಳಿಗೆ ದೀಪದ ಅಗತ್ಯವಿರಲಿಲ್ಲ. ಕೆಮ್ಮಕ್ಕ ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ತಿಳಿಯದೆ ಗಂಟಲು ಸರಿಮಾಡಿಕೊಂಡಳು.

“ಅಯ್ಯೋ, ಅಕ್ಕ!” ಎಂದಳು ಆಪರೇಟರ್, ಕಿವಿಗೆ ಹಾಕಿಕೊಂಡಿದ್ದ ಫೋನಿನ ಯಂತ್ರವನ್ನು ಪಕ್ಕಕ್ಕೆ ಸರಿಸಿ. ನಲವತ್ತರ ಆಸುಪಾಸಿನ ದಪ್ಪ ಹೆಂಗಸು. ಬೆರಳುಗಳು ಮಾತ್ರ ಸಣ್ಣ, ಗುಂಡಿಗಳ ಮೇಲೆ ಇರುವೆಯಂತೆ ಓಡುತ್ತಿದ್ದವು. “ನೀವೇ ಬಂದ್ರಾ? ಕೂತ್ಕೊಳ್ಳಿ. ಸ್ಟೂಲ್ ನಿಮ್ಮ ಎಡಗಡೆ ಇದೆ. ದೀಪ ಹಾಕ್ಕೊಳ್ಳಿ, ನೀವು ಕಣ್ಣಿರೋರು ಕತ್ತಲಲ್ಲಿ ಎಡವಿ ಬೀಳ್ತೀರಿ.”

ಊಟದ ಬಿಡುವಿನಲ್ಲಿ ಇಬ್ಬರೂ ಅವಳ ಪ್ಲೇಯರಿನಲ್ಲಿ ಸಿಡಿ ಕೇಳಿದರು. ಉಪ್ಪಿನ ಪ್ರಸಂಗ ಬಂದಾಗ ಆಪರೇಟರ್ ಮೇಜು ಬಡಿದು ಬಡಿದು ನಕ್ಕಳು. ಕೆಮ್ಮಕ್ಕನಿಗೆ ನಗು ಬರಲಿಲ್ಲ. ಪ್ಲೇಯರಿನೊಳಗಿಂದ ನಗುತ್ತಿದ್ದ ಆ ಹೆಂಗಸು ತನಗೆ ಗೊತ್ತಿಲ್ಲದ ಯಾರೋ ಎನಿಸಿತು. ಆ ಹೆಂಗಸನ್ನು ಕಂಡರೆ ತನಗೂ ಸ್ವಲ್ಪ ಹೊಟ್ಟೆಕಿಚ್ಚಾಗುತ್ತಿದೆ ಎಂದು ತಿಳಿದು ಗಾಬರಿಯಾಯಿತು.

ಸಿಡಿ ಒಂದು ವಾಕ್ಯದ ಮಧ್ಯದಲ್ಲಿ ನಿಂತಿತು.

“ಆಮೇಲೆ?” ಎಂದಳು ಆಪರೇಟರ್.

“ಆಮೇಲಿನದ್ದು ಇಲ್ಲ. ಮೊದಲಿನದ್ದೂ ಇಲ್ಲ.”

“ಏನಕ್ಕ ಇದು, ಬರೀ ನಡುವನ್ನ ತಂದು ಕೊಟ್ಟಿದ್ದೀರಲ್ಲ! ಆ ಅಡುಗೆಯವಳು ಯಾರು, ಯಾಕೆ ಆ ಮನೇಲಿದ್ದಾಳೆ, ಒಂದೂ ತಿಳೀಲಿಲ್ಲ. ಯಾಕೆ ಹೀಗಾಯ್ತು?”

“ರೈಟರ್ ಆರಿಸೋದು ತಡ ಆಯ್ತು,” ಎಂದಳು ಕೆಮ್ಮಕ್ಕ. ಹೆಚ್ಚು ಹೇಳಲು ಮನಸ್ಸಾಗಲಿಲ್ಲ. ಗಂಡನನ್ನು ಹೊರಗಿನವರ ಮುಂದೆ ಬಿಟ್ಟುಕೊಡುವ ಅಭ್ಯಾಸವಿರಲಿಲ್ಲ. “ಪುಸ್ತಕ ಗ್ರಂಥಪಾಲಕಿ ಮನೇಲಿ ಇದೆ. ನೀನು ಹೂಂ ಅಂದ್ರೆ ಗುರುವಾರ ಗುರುವಾರ ಬಂದು ಓದ್ತೀನಿ.”

“ಇಲ್ಲೇನಾ? ನಡುನಡುವೆ ಫೋನ್ ಬರುತ್ತಲ್ಲ.”

“ಬಸ್ಸು ಬರ್ತಿತ್ತು. ಫೋನು ಬಂದ್ರೇನು?”

ಹಾಗೆ ಗುರುವಾರಗಳು ಶುರುವಾದವು. ಪ್ರೆಸ್ಸಿನ ಮಾಲೀಕ ಗೊಣಗಿ ಅರ್ಧ ದಿನದ ಸಂಬಳ ಹಿಡಿದ. ಆಪರೇಟರ್ ಒಂದು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಇನ್ನೊಂದು ಕಿವಿ ಪುಸ್ತಕಕ್ಕೆ ಕೊಟ್ಟು ಕೂರುತ್ತಿದ್ದಳು. “ಒಂದ್ನಿಮಿಷ ಅಕ್ಕ. ನಮಸ್ಕಾರ, ಹೇಳಿ. ಹೆರಿಗೆ ವಾರ್ಡಾ? ಕೊಡ್ತೀನಿ. ಹಾಂ, ಓದಿ ಅಕ್ಕ.” ಉಪ್ಪಿನ ಪ್ರಸಂಗ ಮತ್ತೆ ಬಂದಾಗ ಕೆಮ್ಮಕ್ಕ ಅದನ್ನು ಸರಾಗವಾಗಿ, ಒಂದೂ ತಪ್ಪಿಲ್ಲದೆ ಓದಿ ಮುಗಿಸಿದಳು. ಆಪರೇಟರ್ ಕಾಯುತ್ತಿದ್ದಳು. ನಗು ಬರಲಿಲ್ಲವೆಂದು ತಿಳಿದ ಮೇಲೆ, “ಹಾಂ, ಓದಿ ಅಕ್ಕ,” ಎಂದಳು.

ಮನೆಯಲ್ಲಿ ಕೂಗುವುದು ನಿಂತಿತು. ಕೆಮ್ಮಕ್ಕ ಕರಡು ತಿದ್ದುವ ಕಾಗದದ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು: ‘ಊಟ ಮುಚ್ಚಿಟ್ಟಿದ್ದೇನೆ.’ ‘ಹಾಲಿನವನಿಗೆ ಹೇಳಿ.’ ಅಕ್ಷರ ಅಚ್ಚುಕಟ್ಟಾಗಿರುತ್ತಿತ್ತು, ಒಂದು ತಪ್ಪೂ ಇರುತ್ತಿರಲಿಲ್ಲ. ರಿಜೆಕ್ಟಪ್ಪ ಪ್ರತಿಯೊಂದನ್ನೂ ಎರಡೆರಡು ಸಲ ಓದಿ ಮಡಿಸಿ ಜೇಬಿಗಿಟ್ಟುಕೊಳ್ಳುತ್ತಿದ್ದ. ಎದುರುಬದುರು ಕೂತು ಊಟ ಮಾಡುವಾಗ ಅವನ ಕಣ್ಣು ಆಕೆಯ ತುಟಿಯ ಮೇಲೆಯೇ ಇರುತ್ತಿತ್ತು. ತುಟಿ ಅನ್ನ ತಿನ್ನಲು ಮಾತ್ರ ಅಲ್ಲಾಡುತ್ತಿತ್ತು. ಒಮ್ಮೆ ಅವನೇ, “ಕೂಗಿ ಬೈದಾದ್ರೂ ಬಿಡು,” ಎಂದ. ಆಕೆ ನೀರಿನ ಲೋಟ ಅವನ ಕಡೆಗೆ ಸರಿಸಿದಳು.

ಏಳನೆಯದೋ ಎಂಟನೆಯದೋ ಗುರುವಾರ. ಆಕೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ರಿಜೆಕ್ಟಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಗೆ ಬಂದ. ಕೂದಲಿಗೆ ನೀರು ಹಚ್ಚಿ ಬಾಚಿದ್ದ. ಕೆಲಸ ಕೇಳಲು ಬಂದವನಂತೆ ಕೈಕಟ್ಟಿ ನಿಂತ.

“ನಾನೂ ಬರ್ಲಾ?” ಎಂದ. “ಅಲ್ಲೇ ಎಲ್ಲಾದ್ರೂ ಮೂಲೇಲಿ ಕೂತ್ಕೊಳ್ತೀನಿ. ಹತ್ತಿರ ಕೂತ್ರೆ ಅಲ್ಪಸ್ವಲ್ಪ ಕೇಳಿಸಬಹುದು. ನಿಮಗೇನೂ ತೊಂದರೆ ಕೊಡಲ್ಲ.”

ಕೆಮ್ಮಕ್ಕ ಅವನ ಮುಖ ನೋಡಿದಳು. ನಿಜವಾಗಿ ಕೇಳುತ್ತಿದ್ದಾನೆ ಎಂದು ಗೊತ್ತಾಯಿತು. ಹೂಂ ಎಂದರೆ ಇಬ್ಬರಿಗೂ ಎಷ್ಟೋ ಹಗುರವಾದೀತು ಎಂದೂ ಗೊತ್ತಾಯಿತು. ಎರಡೂ ಗೊತ್ತಾಗಿಯೇ ಬಾಯಿ ತೆರೆದಳು. ಎರಡು ತಿಂಗಳಲ್ಲಿ ಅವನಿಗೆ ಆಡಿದ ಮೊದಲ ಮಾತು ಅದು. ಜೋರಾಗಿ, ಅವನಿಗೆ ಸ್ಪಷ್ಟವಾಗಿ ಕೇಳಿಸುವಂತೆ ಆಡಿದಳು.

“ಬೇಡ.”

ಅವನು ತಲೆಯಾಡಿಸಿ ಒಳಗೆ ಹೋದ. ಆಕೆ ಬಸ್ ನಿಲ್ದಾಣದವರೆಗೆ ನಡೆದಳು. ಪಶ್ಚಾತ್ತಾಪ ಬರುತ್ತದೇನೋ ಎಂದು ಕಾದಳು, ಬರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಪುಸ್ತಕ ತೆಗೆದು ಅಂದಿನ ಅಧ್ಯಾಯವನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಂಡಳು.

ಕಾದಂಬರಿ ಮುಗಿಯಲು ಇನ್ನೂ ಒಂಬತ್ತು ವಾರ ಹಿಡಿಯಿತು. ಆಪರೇಟರ್ ಬೇರೊಂದು ಪುಸ್ತಕದ ಹೆಸರು ಹೇಳಿದಳು, ಅದನ್ನೂ ಶುರುಮಾಡಿದರು. ರಿಜೆಕ್ಟಪ್ಪ ಮತ್ತೆ ಕೇಳಲಿಲ್ಲ. ಗುರುವಾರ ಮಧ್ಯಾಹ್ನಗಳಲ್ಲಿ ಅವನು ಏನು ಮಾಡುತ್ತಾನೆಂದು ಆಕೆಯೂ ಕೇಳಲಿಲ್ಲ.